ತಂದೆ ಕಡೆ, ತಾಯಿ ಕಡೆ, ಮೂರನೇ ಸರ್ವರ್

(ಸಾಂಗಲಿ, ೧)

ಯಾವ ಊರಿನ ಹೆಸರು ಮೊದಲು ಬರೆಯಲಿ? ಕಥೆ ಸುರುವಾಗುವ ಮೊದಲೇ ಇಲ್ಲಿ ಸಿಕ್ಕಿಕೊಂಡು ಕೂತಿದ್ದೇನೆ. ಸಾಂಗಲಿ-ಮಿರಜ ಎಂದು ಬರೆದರೆ ಮಿರಜದವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮಿರಜ-ಸಾಂಗಲಿ ಎಂದರೆ ಸಾಂಗಲಿಯವರು, ಇವನ್ಯಾವ ಗಾವಠಿ, ಹಳ್ಳಿ ಗಮಾರ ಎಂದು ನಗುತ್ತಾರೆ. ಸರಕಾರ ಎರಡನ್ನೂ ಕೂಡಿಸಿ, ಕುಪವಾಡವನ್ನೂ ಜೊತೆಗೆ ಎಳೆದುಕೊಂಡು, ನಡುವೆ ಅಡ್ಡಗೆರೆ ಹಾಕಿ ಒಂದು ಮಹಾನಗರಪಾಲಿಕೆ ಮಾಡಿತು. ಆ ಗೆರೆಯಿಂದ ಊರುಗಳು ಕೂಡಿದವೋ ಬೇರೆಯಾದವೋ, ಆ ರಸ್ತೆಯ ಷೇರ್ ಆಟೊದವರನ್ನು ಕೇಳಿ.

ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: ‘ಕೃಷ್ಣೆಯ ನೀರಿನ ಮೇಲೆ ಬೆಳಗಿನ ಬಿಸಿಲು ಅರಿಶಿನ ಚೆಲ್ಲಿತ್ತು.’ ಓದಿದೆ. ನನಗೇ ಸಿಟ್ಟು ಬಂತು. ಹರಿದು ಹಾಕಿದೆ. ಡೇಟಾಬೇಸಿನ ಕಥೆಯಲ್ಲಿ ಬಿಸಿಲಿಗೇನು ಕೆಲಸ?

(ಹೌದು, ಡೇಟಾಬೇಸಿನ ಕಥೆ. ಎದ್ದು ಹೋಗುವವರು ಈಗಲೇ ಹೋಗಬಹುದು. ನಡುವೆ ಎದ್ದು ಹೋಗುವವರನ್ನು ಕಂಡರೆ ನನಗಾಗುವುದಿಲ್ಲ.)

ಮೇಲೆ ಕಂಸದಲ್ಲಿ ಬರೆದದ್ದು ನೋಡಿದಿರಲ್ಲ: ಊರು, ಆಮೇಲೆ ಸಂಖ್ಯೆ. ಎರಡು ತುಂಡಿನ ಗುರುತು. ಈ ಹಾಳೆ ಯಾವ ಗಂಟಿನಲ್ಲಿರಬೇಕು ಎಂದು ಊರು ಹೇಳುತ್ತದೆ. ಆ ಗಂಟಿನಲ್ಲಿ ಎಷ್ಟನೆಯದು ಎಂದು ಸಂಖ್ಯೆ ಹೇಳುತ್ತದೆ. ನೀವು ಬಂದು ಬರೇ ‘ಎರಡನೇ ಹಾಳೆ ಕೊಡು’ ಎಂದರೆ ನಾನು ಎಲ್ಲ ಗಂಟುಗಳನ್ನೂ ಬಿಚ್ಚಬೇಕು. ‘ಮಿರಜದ ಎರಡನೆಯದು’ ಎಂದರೆ ಒಂದೇ ಗಂಟಿಗೆ ಕೈ ಹಾಕಿದರೆ ಸಾಕು. ಇದಕ್ಕೆ ಕಾಂಪೌಂಡ್ ಕೀ ಅನ್ನುತ್ತಾರೆ. ಜೋಡು ಕೀ. ಇದು ನನ್ನ ಬುದ್ಧಿಯಲ್ಲ; ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿಸಿದ್ದೂ ಅಲ್ಲ. ಹರ್ಷದಾ ಕಲಿಸಿದಳು. ಕಥೆ ಅವಳದೇ.

(ಸಾಂಗಲಿ, ೨)

ಹರ್ಷದಾಳಿಗೆ ಮೂವತ್ತೊಂದು ವರ್ಷ. ಸಾಂಗಲಿಯಿಂದ ಮಿರಜಕ್ಕೆ ಹೋಗುವ ದಾರಿಯಲ್ಲಿ, ಒಂದು ಮೋಟರ್ ಸೈಕಲ್ ಶೋರೂಮಿನ ಮೇಲಿನ ಮಾಳಿಗೆಯಲ್ಲಿ ಅವಳ ಕಂಪನಿ. ಕಂಪನಿ ಎಂದರೆ ಆರು ಕುರ್ಚಿ, ಒಂದು ಎ.ಸಿ. ಅಕ್ಕಪಕ್ಕದಲ್ಲಿ ಹಿಂದೆ ಜೋಳದ ಹೊಲಗಳಿದ್ದವು. ಈಗ ಬ್ಯಾಂಕು, ಶಾಪಿಂಗ್ ಮಾಲು, ಇಂಗ್ಲಿಷ್ ಕಲಿಸುವ ಕ್ಲಾಸು. ೨೦೧೩ನೆಯ ಇಸವಿ. ಜಗತ್ತೇ ಒಂದು ಪೇಟೆಯಾಗಿದೆ, ಗೋಡೆಗಳೆಲ್ಲ ಬಿದ್ದಿವೆ ಎಂದು ಪೇಪರಿನವರು ಇಪ್ಪತ್ತು ವರ್ಷದಿಂದ ಬರೆಯುತ್ತಲೇ ಇದ್ದರು.

ಅವಳ ಪಾಲಿಗೆ ಬಂದ ಕೆಲಸ: ಮಿರಜದ ತಾತ್ಯಾಸಾಹೇಬರ ವಧು-ವರ ಸೂಚಕ ಕೇಂದ್ರದ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವುದು. ಈ ಸೀಮೆಯ ಕನ್ನಡ ಮೂಲದ ಮನೆತನಗಳು, ಜೈನರು, ಲಿಂಗಾಯತರು, ಲಗ್ನಕ್ಕೆಂದು ಎಡತಾಕುವ ಬಾಗಿಲು ಅದು. ಮೊದಲು ಒಂದೇ ಕಂಪ್ಯೂಟರ್ ಇತ್ತು. ಎಲ್ಲರ ಕೈಗೂ ಮೊಬೈಲು ಬಂದು, ಪುಣೆಯಿಂದ, ಇಚಲಕರಂಜಿಯಿಂದ, ದುಬೈಯಿಂದ ಜನ ಒಮ್ಮೆಲೇ ಹುಡುಕತೊಡಗಿದಾಗ ಅದು ಕುಸಿದು ಬಿತ್ತು. ಒಂದೇ ಎತ್ತಿಗೆ ಊರ ಹೇರನ್ನೆಲ್ಲ ಹೇರಿದಂತೆ. ಅದಕ್ಕೆ ಮೂರು ಸರ್ವರ್ ತರಬೇಕಾಯಿತು. ಇಡೀ ಮಾಹಿತಿಯನ್ನು ಮೂರು ಪಾಲು ಮಾಡಿ ಹಂಚಬೇಕು. ಯಾರ ಹೆಸರು ಯಾವ ಪಾಲಿಗೆ? ಅದನ್ನು ಕೀ ಹೇಳುತ್ತದೆ. ಆ ಕೀ ಯಾವುದು ಎಂದು ಹರ್ಷದಾ ಹೇಳಬೇಕು.

(ಮಿರಜ, ೧)

“ಹುಟ್ಟಿದ ವರ್ಷ ಮತ್ತ ತಾಲೂಕಾ ಇಡೂಣು, ಕಾಕಾ,” ಎಂದಳು ಹರ್ಷದಾ. “ಮೂರೂ ಸರ್ವರಿನಾಗ ಮಂದಿ ಬರೋಬರ್ ಹಂಚಿ ಹೊಕ್ಕಾರ.”

ತಾತ್ಯಾಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ಲಗ್ನ ಕೂಡಿಸಿದವರು.

“ಏ ಪೋರಿ, ‘ಎಂಬತ್ತೇಳರಾಗ ಹುಟ್ಟಿದ್ದ ಒಂದು ಹುಡುಗನ್ನ ಕೊಡ್ರಿ’ ಅಂತ ಯಾರರ ಬಂದಾರೇನ ಇಲ್ಲಿ? ಶೇಂಗಾಬೀಜ ಏನವು, ವರ್ಷಾ ನೋಡಿ ತಗೊಳಾಕ? ಮೊದಲ ಕೇಳೂದು, ನೀವು ಯಾರ ಪೈಕಿ. ಆಮ್ಯಾಲ ಕೇಳೂದು, ಮಾಮಕುಳ ಯಾವುದು. ಚಹಾ ಬರೂದ್ರಾಗ ಎರಡೂ ಮುಗದಿರಬೇಕು. ಚಹಾ ಕುಡದ ಮ್ಯಾಲ ಕೇಳಿದ್ರ ಜಗಳ.”

ಮಾಮಕುಳ ಎಂದರೆ ತಾಯಿಯ ತವರು, ಸೋದರಮಾವನ ಮನೆತನ. ಈ ಕಡೆ ಹುಡುಗ-ಹುಡುಗಿಯ ಚೀಟಿಯಲ್ಲಿ ಬಣ್ಣ, ಎತ್ತರ, ಓದು ಬಿಟ್ಟರೂ ನಡೆದೀತು, ಮಾಮಕುಳ ಬಿಡುವಂತಿಲ್ಲ. ಅಪ್ಪನ ಹೆಸರು ಅರ್ಧ ಹೇಳುತ್ತದೆ, ಮಾಮಕುಳ ಉಳಿದರ್ಧ.

ಹರ್ಷದಾ ‘ತಾಲೂಕಾ’ ಎಂದು ಬರೆದದ್ದನ್ನು ಹೊಡೆದುಹಾಕಿದಳು. ಹೆದರಿ ಅಲ್ಲ. ಅವಳು ಕಲಿತ ವಿದ್ಯೆಯೂ ಅದನ್ನೇ ಹೇಳುತ್ತಿತ್ತು: ಜನ ಏನನ್ನು ಕೇಳುತ್ತಾರೋ ಅದನ್ನೇ ಕೀ ಮಾಡು. ಯಾರೂ ಕೇಳದ್ದನ್ನು ಕೀ ಮಾಡಿದರೆ ಪ್ರತಿ ಸಲವೂ ಮೂರೂ ಸರ್ವರ್‌ಗಳ ಬಾಗಿಲು ಬಡಿಯಬೇಕಾಗುತ್ತದೆ. ತಾತ್ಯಾಸಾಹೇಬರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಪ್ರಶ್ನೆ ಗೊತ್ತಿತ್ತು.

ಕೀ ಹೀಗಾಯಿತು: ತಂದೆ ಕಡೆ ಪಂಗಡ, ತಾಯಿ ಕಡೆ ಪಂಗಡ, ಹುಟ್ಟಿದ ವರ್ಷ. ಮೊದಲ ಎರಡೂ ಜೋಡಿಯಾಗಿ ಯಾವ ಮನೆ ಎಂದು ಹೇಳುತ್ತವೆ. ವರ್ಷ ಆ ಮನೆಯ ಪಂಕ್ತಿಯಲ್ಲಿ ಎಷ್ಟನೇ ಎಲೆ ಎಂದು ಹೇಳುತ್ತದೆ. ಜೈನ-ಜೈನ ಒಂದನೇ ಸರ್ವರ್. ಲಿಂಗಾಯತ-ಲಿಂಗಾಯತ ಎರಡನೆಯದು. ಉಳಿದ ಜೋಡಿಗಳಿಗೆ ಮೂರನೆಯದು.

“ಉಳದದ್ದು ಯಾವುದು ಇರತೈತಿ?” ಎಂದರು ತಾತ್ಯಾಸಾಹೇಬರು.

“ಇರತೈತಿ,” ಎಂದಳು ಹರ್ಷದಾ.

(ಇಲ್ಲಿ ತಾತ್ಯಾಸಾಹೇಬರು ನನ್ನ ಕಡೆ ತಿರುಗಿದರು. “ಬರಿಯೋರ, ನನ್ನ ಖಳನಾಯಕನ್ನ ಮಾಡಬ್ಯಾಡ್ರಿ ನೋಡ್ರಿ. ನಾ ಮಂದಿಗೆ ಕಲಸಿಲ್ಲ. ಮಂದಿ ನನಗ ಕಲಸ್ಯಾರ.” ಈ ಮಾತು ಹೊಡೆದುಹಾಕಲು ಪೆನ್ನೆತ್ತಿದೆ. ಆಗಲಿಲ್ಲ. ಖಳನಾಯಕ ಖರೇ ಮಾತಾಡಿದರೆ ಕಥೆಗಾರನ ಗತಿ ಇಷ್ಟೇ.)

(ಮಾಧವನಗರ, ೧)

ಈಗ ಹೇಳಬೇಕಾದದ್ದನ್ನು ಬೇರೆ ಕಥೆಗಾರರಾದರೆ ಕೊನೆಯವರೆಗೆ ಮುಚ್ಚಿಡುತ್ತಿದ್ದರು. ಅಂಥ ಕಳ್ಳಾಟ ನನಗೆ ಬರುವುದಿಲ್ಲ.

ಹರ್ಷದಾಳ ಅಪ್ಪ ರಾವಸಾಬ, ಕಸಬೆ ಡಿಗ್ರಜದ ಜೈನ ಒಕ್ಕಲುತನದ ಮನೆಯವನು. ಅವ್ವ ಬಾಳವ್ವ, ಮಿರಜದ ಪೇಟೆಯಲ್ಲಿ ಕಿರಾಣಿ ವ್ಯಾಪಾರದ ಲಿಂಗಾಯತ ಮನೆಯ ಮಗಳು. ಅಂಗಡಿಗೆ ಬೆಲ್ಲ ತಂದು ಹಾಕಲು ಬಂದವನು ಮಗಳನ್ನೇ ಒಯ್ದ ಎಂದು ಪೇಟೆಯಲ್ಲಿ ಬಹಳ ದಿನ ಹಾಡಿದರು. ಎರಡೂ ಮನೆ ಬಾಗಿಲು ಹಾಕಿಕೊಂಡವು. ಇಬ್ಬರ ಊರೂ ಅಲ್ಲದ ಊರಿಗೆ, ಗಿರಣಿಯ ಮಾಧವನಗರಕ್ಕೆ, ಬಂದರು. ಅಪ್ಪ ಗಿರಣಿಯಲ್ಲಿ ದುಡಿದ. ಗಿರಣಿ ಮುಚ್ಚಿದ ಮೇಲೆ ಬಾಜಾರದಲ್ಲಿ ಹಮಾಲಿ ಮಾಡಿದ. ಮೂರು ವರ್ಷದ ಹಿಂದೆ ತೀರಿಕೊಂಡ. ಮಗಳು ಅವ್ವನ ಜೊತೆ ಕನ್ನಡ, ಓಣಿಯ ಜೊತೆ ಮರಾಠಿ, ಕಂಪನಿಯ ಜೊತೆ ಇಂಗ್ಲಿಷ್ ಮಾತಾಡುತ್ತ ಬೆಳೆದಳು. ಅವ್ವನನ್ನು ಕರೆಯುವುದು ಮಾತ್ರ ಮರಾಠಿಯಲ್ಲಿ, ‘ಆಯಿ’ ಎಂದು; ಮನಸ್ಸು ಕಲಕಿದರೆ ಉಳಿದ ಮಾತೂ ಮರಾಠಿಗೆ ಹೊರಳುತ್ತದೆ.

ಹಾಗಾದರೆ ಆ ಕೀ ಮಾಡುವಾಗ ಹರ್ಷದಾಳಿಗೆ ತಾನು ಎಲ್ಲಿ ಬೀಳುತ್ತೇನೆಂದು ಗೊತ್ತಿರಲಿಲ್ಲವೇ?

ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು. ನಾನು ರೇಗಿದೆ: “ನಿನ್ನ ಗೋರಿ ನೀನ ತೋಡಕೊಂಡ್ಯಲ್ಲ, ಒಂದು ಮಾತರ ಎದುರಾಡಬಾರದಾಗಿತ್ತ?”

“ತಪ್ಪು ಕೀ ಇಟ್ಟರ ಸಿಸ್ಟಿಮ್ ಸ್ಲೋ ಆಕ್ಕೈತಿ,” ಎಂದಳು. “ನಿಮ್ಮ ಸಿಟ್ಟಿನ ಮ್ಯಾಲ ಸರ್ವರ್ ಓಡೂದಿಲ್ರಿ. ಮತ್ತ ನನ್ನ ಹೆಸರು ಅದರಾಗ ಹಾಕೂ ವಿಚಾರ ನನಗ ಇರಲೂ ಇಲ್ಲ.”

ಅವಳಿಗಿರಲಿಲ್ಲ. ಬಾಳವ್ವನಿಗಿತ್ತು.

ಕೇಂದ್ರ ಹೊಸದಾಗಿ ಸುರುವಾದ ದಿನ ಬಾಳವ್ವ ಮಗಳಿಗೆ ಹೇಳದೆ ಆಟೊ ಹತ್ತಿ ಮಿರಜಕ್ಕೆ ಹೋದಳು. ತವರಿನ ಪೇಟೆಯನ್ನು ತಲೆ ತಗ್ಗಿಸಿಕೊಂಡು ದಾಟಿ, ಕೇಂದ್ರದ ಮುಂದೆ ಪಾಳಿ ಹಚ್ಚಿ ನಿಂತಳು. ಅವಳ ಲೆಕ್ಕ ಇಷ್ಟೇ: ಮನುಷ್ಯರಾದರೆ ಮುಖ ನೋಡಿ ಮೂಗು ಮುರಿಯುತ್ತಾರೆ, ಕಂಪ್ಯೂಟರಿಗೆ ಮೂಗೆಲ್ಲಿದೆ? ಕುರ್ಚಿಯಲ್ಲಿದ್ದವನು “ಮಾಮಕುಳ?” ಎಂದ. ಇಂಥ ಲಗ್ನ ಮಾಡಿಕೊಂಡ ಬೇರೆ ಯಾರೇ ಆಗಿದ್ದರೂ ಅಲ್ಲಿ ಏನೋ ಒಂದು ಸುಳ್ಳು ಹೇಳಿ ದಾಟಿಸುತ್ತಿದ್ದರು. ಬಾಳವ್ವ ಮೂವತ್ತೆರಡು ವರ್ಷ ಯಾರೂ ಕೇಳದಿದ್ದ ತನ್ನ ತವರಿನ ಹೆಸರನ್ನು, ಮಿರಜದಲ್ಲೇ ನಿಂತು, ಗಟ್ಟಿ ದನಿಯಲ್ಲಿ ಹೇಳಿದಳು.

ಜೈನ, ಲಿಂಗಾಯತ, ೧೯೮೨. ಮೂರನೇ ಸರ್ವರ್. ಆ ಜೋಡಿಯ ಮನೆಯಲ್ಲಿ ಒಂದೇ ಸಾಲು.

(ಮಿರಜ, ೨)

ದೀಪಾವಳಿ ಬಂತು, ಹೋಯಿತು. ಒಂದು ಫೋನು ಬರಲಿಲ್ಲ. ಬರುವುದಾದರೂ ಹೇಗೆ? ಹುಡುಕುವವರು ತಮ್ಮ ಜೋಡಿಯನ್ನು ಕೀಬೋರ್ಡಿನಲ್ಲಿ ಹೊಡೆಯುತ್ತಾರೆ. ಆ ಜೋಡಿಯ ಮನೆಯಷ್ಟೇ ತೆರೆಯುತ್ತದೆ. ಹರ್ಷದಾಳ ಜೋಡಿ ಹೊಡೆಯುವವರು ಯಾರು? ಅವಳೇ ಹೊಡೆದು ಹುಡುಕಿದರೆ ಅವಳಿಗೆ ಅವಳೇ ಸಿಗುತ್ತಾಳೆ.

ಬಾಳವ್ವ ಮತ್ತೆ ಮಿರಜಕ್ಕೆ ಹೋಗಿ ಕೂತಳು. ಆಗ ತಾತ್ಯಾಸಾಹೇಬರಿಗೆ ಆ ಒಂಟಿ ಸಾಲಿನ ಹುಡುಗಿ ಹರ್ಷದಾಳೇ ಎಂದು ತಿಳಿಯಿತು. ಅವಳನ್ನೂ ಕರೆಸಿದರು. ಖರೇ ಹೇಳುತ್ತೇನೆ, ಅವರಿಗೆ ಕೆಟ್ಟೆನಿಸಿತು. ಕೆಟ್ಟೆನಿಸಿದ ಮನುಷ್ಯರು ಹುಡುಕುವ ದಾರಿಗಳು ಇನ್ನೂ ಕೆಟ್ಟವು.

“ಇಲ್ಲೆ ಬೇಡಗ ಹಳ್ಳ್ಯಾಗ ತವನಪ್ಪ ಅಂತ ಅದಾನ,” ಎಂದರು. “ನಮ್ಮ ಕಡಿ ಮನಷ್ಯಾ. ಜೈನ. ಅಕ್ಕತಂಗೇರು ಯಾರೂ ಇಲ್ಲ. ನಾ ಮಾತಾಡೇನಿ, ಹೂಂ ಅಂದಾನ. ಹುಡುಗಿಗೆ ಮಾಮಾ ಅಂತ ನಿಂದ್ರತಾನ, ಅಕ್ಷತಾ ಹಾಕತಾನ. ಮಾಮಕುಳ ಅವಂದು ಬರದ ಬಿಡೂಣು. ಜೈನ-ಜೈನ. ಪೋರಿ ನಾಳೆ ಒಂದನೇ ಸರ್ವರಿನಾಗ ಬರತಾಳ. ತಿಂಗಳದಾಗ ಲಗ್ನ, ನನ್ನ ಮಾತ.”

“ಮತ್ತ ನಾನ?” ಎಂದಳು ಬಾಳವ್ವ.

“ನೀವು ತವನಪ್ಪನ ತಂಗಿ ಅಲ್ಲೇನ್ರಿ, ಬಾಳಕ್ಕಾ. ತವರಮನಿ ಬದಲಾತು, ಮತ್ತೇನಿಲ್ಲ.”

“ಹುಚ್ಚ ಮಂಗ್ಯಾ,” ಎಂದಳು ಬಾಳವ್ವ. ಬೇಡಗದ ತವನಪ್ಪನಿಗೋ ಎದುರಿಗಿದ್ದವರಿಗೋ ತಿಳಿಯಲಿಲ್ಲ. ಆದರೆ ಎದ್ದು ಹೋಗಲಿಲ್ಲ.

ಹರ್ಷದಾ ಗೋಡೆ ನೋಡುತ್ತ ಹೇಳಿದಳು: “ಕಾಕಾ, ಹಂಗ ಬದಲಿ ಮಾಡಾಕ ಬರೂದಿಲ್ಲ. ಫೋನ್ ನಂಬರ್ ಬದಲಸಬಹುದು, ಎತ್ತರ ಬದಲಸಬಹುದು. ಕೀ ಬದಲಸಂಗಿಲ್ಲ. ಯಾಕಂದ್ರ ಕೀ ಮ್ಯಾಲನ ಆ ಸಾಲು ಎಲ್ಲಿರಬೇಕು ಅನ್ನೂದು ನಿಂತೈತಿ. ಹಳೇ ಸಾಲು ಪೂರಾ ಅಳಸಿ, ಹೊಸಾದು ಬ್ಯಾರೆ ಸರ್ವರಿನಾಗ ಬರೀಬೇಕು.”

“ಹಂಗಾದ್ರ ಅಳಸು. ಕೈ ಯಾರದೈತಿ? ನಿಂದ ಐತೆಲ್ಲ.”

(ಸಾಂಗಲಿ, ೩) ಇದನ್ನು ಹೊಡೆದುಹಾಕಿದ್ದೇನೆ, ಆದರೂ ಓದಿ

ಇಲ್ಲಿ ನನಗೆ ತಡೆಯಲಾಗಲಿಲ್ಲ. ಒಬ್ಬ ಧೀರಜನನ್ನು ಹುಟ್ಟಿಸಿದೆ. ಮೂವತ್ತಮೂರು ವರ್ಷ, ಒಳ್ಳೆಯ ಕೆಲಸ, ನಕ್ಕರೆ ಚಂದ. ಅಪ್ಪ ಲಿಂಗಾಯತ, ತಾಯಿ ಜೈನ. ಅವನ ಅವ್ವನೂ ಅದೇ ಪಾಳಿಯಲ್ಲಿ ನಿಂತು ಖರೇ ಹೇಳಿದಳು. ಅವನೂ ಮೂರನೇ ಸರ್ವರ್. ಅವನ ಮನೆಯಲ್ಲೂ ಒಂದೇ ಸಾಲು.

“ಬರಿಯೋರ, ನಿಮಗ ಬುದ್ಧಿ ಐತೇನು?” ಎಂದಳು ಹರ್ಷದಾ. “ಅವಂದು ಲಿಂಗಾಯತ-ಜೈನ. ನಂದು ಜೈನ-ಲಿಂಗಾಯತ. ಜೋಡಿ ಒಂದ ಆದ್ರೂ ಕ್ರಮ ಬ್ಯಾರೆ. ಕ್ರಮ ಬ್ಯಾರೆ ಆದ್ರ ಕೀನ ಬ್ಯಾರೆ. ಒಂದ ಸರ್ವರಿನಾಗ ಎರಡು ಖೋಲಿ, ನಡುವ ಬಾಗಿಲಿಲ್ಲ. ನಾ ಅವಗ ಕಾಣೂದಿಲ್ಲ, ಅಂವ ನನಗ ಕಾಣೂದಿಲ್ಲ.”

“ನಾ ಬಾಗಿಲಾ ಇಡತೇನಿ. ಕಥಿ ನಂದು.”

“ಇಡ್ರಿ. ಆಮ್ಯಾಲ ಏನಾತು? ಎರಡು ಬೆರಕಿ ಕುಲದಾವು ಒಂದಕ್ಕೊಂದು ಗಂಟ ಬಿದ್ದವು, ಊರ ಸ್ವಚ್ಛ ಆತು ಅಂತ ತಾತ್ಯಾಕಾಕಾ ಪೇಢೆ ಹಂಚತಾರ. ಇದರಾಗ ನನ್ನ ಅವ್ವನ ಮಾತ ಎಲ್ಲಿ ಬಂತು?”

ಧೀರಜನನ್ನು ತೆಗೆದೆ. ಪಾಪ, ನಕ್ಕರೆ ಚಂದವಿದ್ದ.

(ಸಾಂಗಲಿ, ೪)

ಹಾಗಾದರೆ ಮುಗಿಸುವುದು ಹೇಗೆ? ನನ್ನ ಹತ್ತಿರ ಇದ್ದವು ಇವು.

ಕ. ಹರ್ಷದಾ ಸಾಲು ಅಳಿಸಿ, ಬೇಡಗದ ತವನಪ್ಪನನ್ನು ಮಾಮಾ ಮಾಡಿ ಹೊಸ ಸಾಲು ಬರೆಯುತ್ತಾಳೆ. ಲಗ್ನವಾಗುತ್ತದೆ. ಮಂಟಪದಲ್ಲಿ ಬಾಳವ್ವ ತನ್ನ ಮಗಳ ಲಗ್ನದಲ್ಲೇ ತವನಪ್ಪನ ತಂಗಿಯಾಗಿ ಓಡಾಡುತ್ತಾಳೆ. ಮೊಮ್ಮಕ್ಕಳು ಬೇಸಿಗೆ ರಜಕ್ಕೆ ಬೇಡಗಕ್ಕೆ ಹೋಗುತ್ತಾರೆ. ಎಲ್ಲರೂ ಸುಖ. (ಇದನ್ನು ಬರೆದ ಮೇಲೆ ಕೈ ತೊಳೆದುಕೊಂಡು ಬಂದೆ.)

ಖ. ಹರ್ಷದಾ ಕೀಯಿಂದ ‘ತಾಯಿ ಕಡೆ’ಯನ್ನೇ ಕಿತ್ತೊಗೆಯುತ್ತಾಳೆ. ಇದು ನನಗೆ ಬಹಳ ಹಿಡಿಸಿತ್ತು. ಇಡೀ ಕೇಂದ್ರದ ಮನೆತನಗಳನ್ನೆಲ್ಲ ಇದ್ದ ಮನೆಯಿಂದ ಎಬ್ಬಿಸಿ, ಗಂಟುಮೂಟೆ ಹೊರಿಸಿ, ಹೊಸ ಕೀ ಪ್ರಕಾರ ಮತ್ತೆ ಹಂಚಬೇಕು. ಒಂದು ದಿನ ಎಲ್ಲರೂ ಬೀದಿಗೆ! ಬಾಳವ್ವನನ್ನು ಬೀದಿಗೆ ಹಾಕಿದ ಮಿರಜದ ಅಂಗಡಿಯವರೂ, ಡಿಗ್ರಜದ ಹೊಲದವರೂ! ಮೂರು ಪುಟ ಒಂದೇ ಉಸಿರಿನಲ್ಲಿ ಬರೆದೆ.

ಹರ್ಷದಾ ಓದಿದಳು. “ಕಿತ್ತದ್ದು ಯಾರನ್ನ?” ಎಂದಳು.

“ಅಂದ್ರ?”

“ತಾಯಿ ಕಡೆ ಕಿತ್ತೀರಿ. ತವನಪ್ಪನ್ನ ತಂದ್ರೂ ಅವ್ವ ಹೋದಳು, ನಿಮ್ಮ ಕ್ರಾಂತಿ ಒಳಗೂ ಅವ್ವನ ಹೋದಳು. ಅಪ್ಪನ ಹೆಸರಿಗೆ ಏನೂ ಆಗಲಿಲ್ಲ. ಗಂಡಸರು ಎಷ್ಟ ಸಿಟ್ಟಾದ್ರೂ ಅಷ್ಟ.”

ಮೂರು ಪುಟ ಹರಿದೆ. ಸಣ್ಣ ಚೂರು ಮಾಡಿ ಹರಿದೆ.

ಗ. ಏನೂ ಆಗುವುದಿಲ್ಲ. ಹರ್ಷದಾ ಆ ಸಾಲಿನಲ್ಲೇ ಇರುತ್ತಾಳೆ. ಬಾಳವ್ವ ಫೋನಿನ ಹತ್ತಿರವೇ ಕೂತು ಮುದುಕಿಯಾಗುತ್ತಾಳೆ. ತನ್ನ ಲಗ್ನದ ದಂಡವನ್ನು ಮಗಳು ಕಟ್ಟಿದಳು ಎಂದು ಎದೆಯೊಳಗೆ ಇಟ್ಟುಕೊಂಡು ಸಾಯುತ್ತಾಳೆ. (ಇದು ನಡೆಯುವಂಥದ್ದು. ಅದಕ್ಕೇ ಬರೆಯಲಾರೆ.)

(ಮಾಧವನಗರ, ೨)

ರವಿವಾರ ಮಧ್ಯಾಹ್ನ. ಎರಡು ಖೋಲಿಯ ಮನೆ. ಹರ್ಷದಾ ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲೆ ಕೂತಿದ್ದಳು. ಬಾಳವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದೆ. ಬರೆಯುವವನು ಎಲ್ಲಾದರೂ ಕೂಡಬೇಕಲ್ಲ.

“ತಗದ ಬಿಡು,” ಎಂದಳು ಬಾಳವ್ವ, ಅಕ್ಕಿಯಿಂದ ತಲೆಯೆತ್ತದೆ. “ನನ್ನ ತವರಮನಿ ಹೆಸರೇನು ಅನ್ನ ಹಾಕತೈತಿ? ನಾ ಸತ್ತರ ಅವರೇನು ಬಂದು ಅಳೂದೈತಿ? ಬೇಡಗದಾಂವ ಕಡೀಕ ಅಣ್ಣ ಅಂತ ಒಂದ ಕುಬಸದ ಅರಿವಿನರ ತಂದಾನು.”

“ಆಯಿ, ಚೇಷ್ಟಾ ಬ್ಯಾಡ.”

“ಚೇಷ್ಟಾ ಅಲ್ಲ. ಮೂವತ್ತೆರಡು ವರ್ಷ ನಾ ಒಬ್ಬಾಕಿ ಹೊರಗ ಇದ್ದೆ. ನನ್ನ ಹಟಕ್ಕ ಇದ್ದೆ. ನೀ ಯಾಕ ಇರಬೇಕು? ಅಳಸು.”

“ನನಗ ಲಗ್ನ ಬೇಕು ಅಂತ ಯಾರ ಹೇಳ್ಯಾರ?”

“ಬ್ಯಾಡಂದ್ರ ಬ್ಯಾಡ. ಎಲ್ಲಾರ ನಡುವ ನಿಂತು ಬ್ಯಾಡನ್ನು. ಮೂಲ್ಯಾಗ ನಿಂತು ಬ್ಯಾಡನ್ನೂದೇನು ದೊಡ್ಡಸ್ತಿಕಿ?”

ನನಗೊಂದು ಉತ್ತರ ಸಿಕ್ಕಿದ್ದರೆ ಹರ್ಷದಾಳ ಬಾಯಿಗೆ ಹಾಕುತ್ತಿದ್ದೆ.

ಅವಳು ಮೂರನೇ ಸರ್ವರ್ ತೆರೆದಳು. ಜೋಡಿ ಹೊಡೆದಳು. ಸಾಲು ಬಂತು. ಅಳಿಸುವ ಆಜ್ಞೆ ಬರೆದಳು. ಇನ್ನು ಒಂದು ಒತ್ತು ಒತ್ತುವುದಷ್ಟೇ ಉಳಿದಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಡುವೆ ಒಂದು ಚಣ ಇರುತ್ತದೆ. ಆ ಚಣದಲ್ಲಿ ಮನುಷ್ಯ ಯಾವ ಸರ್ವರಿನಲ್ಲೂ ಇರುವುದಿಲ್ಲ. ಅವನು ಯಾರ ಮಗನೂ ಅಲ್ಲ.

“ತಡಿ,” ಎಂದಳು ಬಾಳವ್ವ. ಮೊರ ಕೆಳಗಿಟ್ಟು ಬಂದು ಮಗಳ ಹೆಗಲಿಗೆ ಹೆಗಲು ತಾಗಿಸಿ ಕೂತಳು. “ಅಳಸೂಕಿಂತ ಮೊದಲ ತೋರಸು. ಎಲ್ಲಿ ಅದೀವಿ ನಾವು?”

ಪರದೆಯ ಮೇಲೆ ಮರಾಠಿ ಅಕ್ಷರ. ಬಾಳವ್ವ ಬೆರಳಿಟ್ಟು ನಿಧಾನವಾಗಿ ಓದಿದಳು. ತಂದೆ ಕಡೆ. ತಾಯಿ ಕಡೆ. ಕೆಳಗೆ ರಾವಸಾಬನ ಹೆಸರು, ಡಿಗ್ರಜದ ಮನೆತನ. ಅದರ ಪಕ್ಕದಲ್ಲೇ ತನ್ನ ಹೆಸರು, ಮಿರಜದ ಮನೆತನ.

“ಇಷ್ಟ?”

“ಇಷ್ಟ.”

“ಬ್ಯಾರೆ ಯಾರೂ ಇಲ್ಲ?”

“ಈ ಜೋಡಿ ಒಳಗ ಯಾರೂ ಇಲ್ಲ.”

ಬಾಳವ್ವ ಎರಡೂ ಹೆಸರಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. “ನಮ್ಮ ಲಗ್ನಕ್ಕ ಪತ್ರಿಕಿ ಇರಲಿಲ್ಲ,” ಎಂದಳು. “ಯಾರು ಹಾಕಸೋರು? ನಿಮ್ಮಪ್ಪ ಹ್ವಾದಾಗ ಪೇಪರಿನಾಗ ಸಾವಿನ ಸುದ್ದಿ ಅವರಣ್ಣ ಹಾಕಿಸಿದ್ದ. ಅಣ್ಣತಮ್ಮರು ಎಲ್ಲಾರ ಹೆಸರೂ ಇದ್ದವು, ನಂದು ಇರಲಿಲ್ಲ. ನನ್ನ ತವರಿನಾಗಂತೂ ನಿಮ್ಮಪ್ಪನ ಹೆಸರು ಬಾಯಾಗ ಸೈತ ಬರಲಿಲ್ಲ. ಇಬ್ಬರ ಮನಿತನಾನೂ ಹಿಂಗ ಮಗ್ಗಲಮಗ್ಗಲಕ ಬರದದ್ದು ಇವತ್ತ ನೋಡಿದೆ.”

“ಆಯಿ, ಇದು ನಿಮ್ಮಿಬ್ಬರನ್ನ ಕೂಡಸಾಕ ಬರದದ್ದಲ್ಲ. ಬ್ಯಾರೆ ತಗದು ಇಡಾಕ ಬರದದ್ದು. ನಾನ ಮಾಡಿದ್ದು, ನನಗ ಗೊತ್ತಿಲ್ಲೇನು?”

“ಯಾಕ ಬರದರೇನು. ಬರದೈತೆಲ್ಲ.”

ಹೊರಗೆ ಆಟೊದವನೊಬ್ಬ ಸಾಂಗಲಿ, ಸಾಂಗಲಿ ಎಂದು ಕೂಗುತ್ತಿದ್ದ. ಹರ್ಷದಾ ಕೈಯನ್ನು ಕೀಬೋರ್ಡಿನಿಂದ ಎತ್ತಲೂ ಇಲ್ಲ, ಒತ್ತಲೂ ಇಲ್ಲ.

“ಮತ್ತ ಅಳಸ್ಲಿ ಏನು?” ಎಂದಳು.

ನಾನು ಪೆನ್ನು ಹಿಡಿದು ಮುಂದಕ್ಕೆ ಬಗ್ಗಿದೆ. ಕುರ್ಚಿ ಕಿರಗುಟ್ಟಿತು. ಬಾಳವ್ವ ಆಗ ನನ್ನನ್ನು ನೋಡಿದಳು. ತಾಯಿ-ಮಗಳ ನಡುವೆ ಕುರ್ಚಿ ಹಾಕಿಕೊಂಡು ಕೂತ ಪರಗಂಡಸನ್ನು ನೋಡುವ ಹಾಗೆ.

“ನೀವು ಯಾರ ಪೈಕಿರಿ?” ಎಂದಳು.

“ನಾನು ಬರಿಯಾಂವ. ಈ ಕಥಿ...”

“ನಮ್ಮ ಪೈಕಿ ಅಲ್ಲಲ್ಲ? ಏಳ್ರಿ ಹಂಗಾದ್ರ. ಚಹಾ ಮಾಡಿಲ್ಲ ಇವತ್ತ.”

ಎದ್ದೆ. ಏಳದೆ ಏನು ಮಾಡುವುದು? ಚಪ್ಪಲಿ ಮೆಟ್ಟುವುದರೊಳಗೆ ಬಾಗಿಲು ಬಿತ್ತು. ಒಳಗಿನಿಂದ ಅಗಳಿ ಹಾಕಿದ ಸಪ್ಪಳವೂ ಬಂತು. ಆಮೇಲೆ ಇಬ್ಬರ ದನಿ, ಮಗಳದು ಮರಾಠಿಯಲ್ಲಿ, ತಾಯಿಯದು ಕನ್ನಡದಲ್ಲಿ, ಒಂದರ ಮೇಲೊಂದು. ಜಗಳವೋ ಅಳುವೋ ತಿಳಿಯಲಿಲ್ಲ. ಕಿವಿ ಇಟ್ಟು ಕೇಳಬಹುದಿತ್ತು. ಅಷ್ಟು ನಾಚಿಕೆಗೆಟ್ಟವನಲ್ಲ ನಾನು.

(ಊರಿಲ್ಲ, ಸಂಖ್ಯೆಯಿಲ್ಲ)

ಓಣಿಯ ತುದಿಗೆ ಬರುವಷ್ಟರಲ್ಲಿ ತಾತ್ಯಾಸಾಹೇಬರ ಫೋನು.

“ಏನಾತ್ರಿ? ಅಳಸಿದಳ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ? ನೀವ ಅಲ್ಲೇನ್ರಿ ಬರಿಯೋರು?”

“ಬಾಗಿಲಾ ಹಾಕ್ಯಾರ.”

“ಹಾಕಿದ್ರ ಏನಾತು, ಕಥಿ ನಿಮ್ಮದು. ಒಂದ ಸಾಲು ಬರದು ಬಾಗಿಲಾ ತಗದ ಬಿಡ್ರಿ. ಓದೋರು ಕಾಯಾಕ ಹತ್ಯಾರ, ತವನಪ್ಪ ಕಾಯಾಕ ಹತ್ಯಾನ.”

“ಕಾಯ್ಲಿ,” ಎಂದೆ. “ತಗಿಯೂದಿಲ್ಲ.”